ಗ್ರೌಂಡ್ ಲೂಪ್

ನೆಲದ ಮೇಲೆ ಓಡುತ್ತಿರುವ ವಿಮಾನ ಪೈಲಟ್‌ನ ಹತೋಟಿ ಮೀರಿ, ತನ್ನ ಲಂಬ ಅಕ್ಷದ ಸುತ್ತ ರಭಸದಿಂದ ತಿರುಗಿಬಿಡುವುದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಇಳಿದ ಮೇಲಿನ ಓಟದಲ್ಲಿ ಇದು ಹೆಚ್ಚು. ಮೇಲೇರುವ ಮುಂಚಿನ ಓಟದಲ್ಲೂ ಆಗುವುದುಂಟು. ಯಾವ ಬಗೆಯ ವಿಮಾನವೂ ಇದಕ್ಕೆ ಪೂರ್ತಿ ಹೊರತಲ್ಲ. ಆದರೆ ಎರಡು ಮುಖ್ಯ ಗಾಲಿಗಳು ಮುಂದೆ, ಒಂದು ಸಣ್ಣ ಗಾಲಿ ಬಾಲದ ಕೆಳಗೆ ಇರುವ ಟೇಲ್‌ವೀಲ್ ವಿಮಾನಗಳಲ್ಲಿ ಇದರ ಬೀಜ ರಚನೆಯಲ್ಲೇ ಇದೆ. ಇಂಥ ಸಣ್ಣ ವಿಮಾನಗಳು ಇಳಿಯುವಾಗ ಹತೋಟಿ ತಪ್ಪುವ ಬಗೆಗಳಲ್ಲಿ ಗ್ರೌಂಡ್ ಲೂಪ್ ಪ್ರಧಾನವಾದದ್ದು. ಪುಟಿತ, ಮೂಗಿನ ಮೇಲೆ ಮಗುಚಿಕೊಳ್ಳುವುದು, ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗುವುದು ಇವು ಅದರ ಜೊತೆಗೋ ಅದಕ್ಕೆ ಮುನ್ನುಡಿಯಾಗಿಯೋ ಬರುತ್ತವೆ.

ಹೆಸರು ಮತ್ತು ಪರಿಭಾಷೆ

ಆಕಾಶದಲ್ಲಿ ಲೂಪ್ ಎಂದರೆ ವಿಮಾನ ನಿಂತ ಚಕ್ರದಂತೆ ಮೇಲಿನಿಂದ ಕೆಳಕ್ಕೆ ಹಾಕುವ ಸುತ್ತು. ಗ್ರೌಂಡ್ ಲೂಪಿನಲ್ಲಿ ಸುತ್ತು ಬೀಸುವ ಕಲ್ಲಿನಂತೆ ಮಲಗಿರುತ್ತದೆ. ಎರಡಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ಸಂಬಂಧವಿಲ್ಲ. ತಿರುಗುವಿಕೆ ಪೂರ್ಣ ಸುತ್ತಾಗಬೇಕೆಂದೂ ಇಲ್ಲ. ಕಾಲು ಸುತ್ತಿಗೇ ವಿಮಾನ ನಿಂತರೂ ಅದು ಗ್ರೌಂಡ್ ಲೂಪೇ. ತಿರುಗುವಿಕೆ ಶುರುವಾಗಿ ಇನ್ನೂ ಕೈಯಲ್ಲಿರುವ ಹಂತಕ್ಕೆ ಸ್ವಿಂಗ್ ಎಂಬ ಬೇರೆ ಮಾತಿದೆ. ಸ್ವಿಂಗನ್ನು ತಿದ್ದಬಹುದು, ಗ್ರೌಂಡ್ ಲೂಪನ್ನು ತಿದ್ದಲಾಗುವುದಿಲ್ಲ ಎಂಬುದೇ ಎರಡಕ್ಕೂ ಇರುವ ಗೆರೆ.

ಬಾಲದ ಕೆಳಗೆ ಗಾಲಿಯಿರುವ ವಿಮಾನವನ್ನು ಟೇಲ್‌ವೀಲ್ ವಿಮಾನ ಅಥವಾ ಟೇಲ್‌ಡ್ರ್ಯಾಗರ್ ಎಂದು ಕರೆಯುತ್ತಾರೆ. ಈ ಗಾಲಿ ಜೋಡಣೆಗೆ ಕನ್ವೆನ್ಷನಲ್ ಗೇರ್, ಅಂದರೆ ರೂಢಿಯ ಗಾಲಿ, ಎಂಬ ಹೆಸರೂ ಇದೆ. ಅದು ರೂಢಿಯಾಗಿದ್ದ ಕಾಲ ಹೋಗಿ ಎಷ್ಟೋ ದಶಕ ಕಳೆದರೂ ಹೆಸರು ಹಾಗೇ ಉಳಿದಿದೆ. ಮೂಗಿನ ಕೆಳಗೆ ಗಾಲಿಯಿರುವ ಜೋಡಣೆ ಟ್ರೈಸಿಕಲ್ ಗೇರ್. ಈ ಲೇಖನದಲ್ಲಿ ಟೇಲ್‌ವೀಲ್ ಎಂಬುದು ವಿಮಾನದ ವರ್ಗಕ್ಕೂ, ಬಾಲಗಾಲಿ ಎಂಬುದು ಆ ಗಾಲಿಗೂ ನಿಲ್ಲುತ್ತದೆ. ಅಪಘಾತಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಗ್ರೌಂಡ್ ಲೂಪಿಗೆ ಪ್ರತ್ಯೇಕ ಶೀರ್ಷಿಕೆಯಿಲ್ಲ. ಅದು ಸಾಮಾನ್ಯವಾಗಿ ‘ನೆಲದ ಮೇಲೆ ಹತೋಟಿ ತಪ್ಪಿಕೆ’ ಎಂಬ ವರ್ಗಕ್ಕೆ ಸೇರುತ್ತದೆ. ಪುಟಿತದಿಂದ ಶುರುವಾದರೆ ‘ಅಸಹಜ ರನ್‌ವೇ ಸ್ಪರ್ಶ’ಕ್ಕೂ, ರನ್‌ವೇಯ ಅಂಚು ದಾಟಿದರೆ ‘ರನ್‌ವೇ ಬಿಟ್ಟುಹೋಗುವಿಕೆ’ಗೂ ಸೇರಬಹುದು.

ಹಿನ್ನೆಲೆ

ಮೊದಲ ಕಾಲದ ವಿಮಾನಗಳಿಗೆ ರನ್‌ವೇ ಎಂಬುದೇ ಇರಲಿಲ್ಲ. ಇಳಿದಾಣವೆಂದರೆ ವಿಶಾಲವಾದ ಹುಲ್ಲುಬಯಲು. ಗಾಳಿ ಎತ್ತಣಿಂದ ಬೀಸಿದರೂ ಅದಕ್ಕೆ ಎದುರಾಗಿ ಇಳಿಯಬಹುದಿತ್ತು. ಬಾಲದ ಕೆಳಗೆ ಆಗ ಹೆಚ್ಚಾಗಿ ಗಾಲಿಯೂ ಇರುತ್ತಿರಲಿಲ್ಲ, ಟೇಲ್ ಸ್ಕಿಡ್ ಎಂಬ ಮರದ ಅಥವಾ ಲೋಹದ ಊರುಗೋಲು ಇರುತ್ತಿತ್ತು. ಅದು ಮಣ್ಣನ್ನು ಗೀರುತ್ತ ನೇಗಿಲಿನಂತೆ ಹಿಂದೆ ಎಳೆದುಕೊಂಡು ಬರುತ್ತಿದ್ದುದರಿಂದ ಬ್ರೇಕಿನ ಕೆಲಸವನ್ನೂ, ದಿಕ್ಕು ಕಾಯುವ ಕೆಲಸವನ್ನೂ ತಕ್ಕಮಟ್ಟಿಗೆ ಮಾಡುತ್ತಿತ್ತು. 1931ರಲ್ಲಿ ಹಾರಿದ ಡಿ ಹ್ಯಾವಿಲೆಂಡ್ ಟೈಗರ್ ಮಾತ್ ಕೂಡ ಮೂಲರೂಪದಲ್ಲಿ ಸ್ಕಿಡ್ಡಿನ ವಿಮಾನ, ಅದರ ಗಾಲಿಗಳಿಗೆ ಬ್ರೇಕ್ ಇರಲಿಲ್ಲ.

ಅಡ್ಡಗಾಳಿಯ ತೊಂದರೆ ಆಗಲೂ ಗೊತ್ತಿಲ್ಲದ್ದೇನಲ್ಲ. 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಬ್ಲೆರಿಯೊ XI ವಿಮಾನದ ಮುಖ್ಯ ಗಾಲಿಗಳು ಎರಡೂ ಪಕ್ಕಕ್ಕೆ ಹೊರಳುವಂತಿದ್ದವು. ಮೂಗು ಗಾಳಿಯ ಕಡೆ ಇದ್ದರೂ ಗಾಲಿಗಳು ಓಟದ ದಿಕ್ಕಿಗೆ ತಾವೇ ತಿರುಗಿಕೊಳ್ಳುತ್ತಿದ್ದವು. ಇದೇ ಉಪಾಯ ಸುಮಾರು ನಾಲ್ಕು ದಶಕಗಳ ಬಳಿಕ ಗುಡ್‌ಇಯರ್ ಕಂಪನಿಯ ‘ಕ್ರಾಸ್‌ವಿಂಡ್’ ಗಾಲಿಗಳಾಗಿ ಮರಳಿ ಬಂತು. ಸೆಸ್ನಾ 195ರಂಥ ವಿಮಾನಗಳಿಗೆ ಅವುಗಳನ್ನು ಜೋಡಿಸಿದ್ದರು, ಆದರೆ ಬಳಕೆ ವ್ಯಾಪಕವಾಗಲಿಲ್ಲ.

ಕಾಂಕ್ರೀಟು, ಡಾಂಬರಿನ ರನ್‌ವೇಗಳು ಬಂದಾಗ ಎರಡು ಬದಲಾವಣೆಗಳು ಒಟ್ಟಿಗೆ ಆದವು. ಇಳಿಯುವ ದಿಕ್ಕನ್ನು ಗಾಳಿಯ ಬದಲು ರನ್‌ವೇ ನಿರ್ಧರಿಸತೊಡಗಿತು. ಹುಲ್ಲಿನ ಮೇಲೆ ತುಸು ಪಕ್ಕಕ್ಕೆ ಜಾರಿ ತಪ್ಪನ್ನು ಮನ್ನಿಸುತ್ತಿದ್ದ ಟೈರುಗಳು ಗಟ್ಟಿ ನೆಲವನ್ನು ಕಚ್ಚಿ ಹಿಡಿಯತೊಡಗಿದವು. ಎರಡನೇ ಮಹಾಯುದ್ಧದ ಹೊತ್ತಿಗೆ ಗ್ರೌಂಡ್ ಲೂಪ್ ತರಬೇತಿ ಶಾಲೆಗಳ ದಿನನಿತ್ಯದ ಮಾತಾಗಿತ್ತು. ಅಮೆರಿಕದ ಟಿ-6, ಬೇರೆಡೆ ಹಾರ್ವರ್ಡ್ ಎಂದು ಹೆಸರಾದ ಮುಂದುವರಿದ ತರಬೇತಿ ವಿಮಾನ, ಈ ವಿಷಯದಲ್ಲಿ ಕುಖ್ಯಾತವಾಗಿತ್ತು. ಜರ್ಮನಿಯ ಮೆಸ್ಸರ್‌ಶ್ಮಿಟ್ ಬಿಎಫ್ 109ರ ಗಾಲಿಕಾಲುಗಳನ್ನು ರೆಕ್ಕೆಗೆ ಬದಲು ಒಡಲಿಗೆ ಜೋಡಿಸಿದ್ದರಿಂದ ರೆಕ್ಕೆ ಬಿಚ್ಚಿದರೂ ವಿಮಾನ ತನ್ನ ಕಾಲ ಮೇಲೆ ನಿಲ್ಲುತ್ತಿತ್ತು. ಅದಕ್ಕೆ ತೆತ್ತ ಬೆಲೆ ಎಂದರೆ ಗಾಲಿಗಳ ನಡುವಿನ ಕಿರಿದಾದ ಅಂತರ ಮತ್ತು ನೆಲದ ಮೇಲಿನ ಅನೇಕ ಅಪಘಾತಗಳು.

ಜನರ ನೆನಪಿನಲ್ಲಿ ಉಳಿದ ಗ್ರೌಂಡ್ ಲೂಪ್ ಅಮೇಲಿಯಾ ಇಯರ್‌ಹಾರ್ಟ್ ಅವರದು. ಭೂಮಿಯನ್ನು ಸುತ್ತುವ ಮೊದಲ ಯತ್ನದಲ್ಲಿ, 1937ರ ಮಾರ್ಚ್ 20ರಂದು, ಹವಾಯಿಯ ಲ್ಯೂಕ್ ಫೀಲ್ಡ್‌ನಲ್ಲಿ ಅವರ ಲಾಕ್‌ಹೀಡ್ ಎಲೆಕ್ಟ್ರಾ ಓಟದ ನಡುವೆ ತಿರುಗಿ, ಗಾಲಿಕಾಲು ಮುರಿದುಬಿತ್ತು. ಆ ವಿಮಾನಕ್ಕೆ ಎರಡು ಎಂಜಿನ್, ಅಪಘಾತ ನಡೆದದ್ದು ಮೇಲೇರುವಾಗ. ಆದ್ದರಿಂದ ಸಣ್ಣ ವಿಮಾನಗಳ ಇಳಿತಕ್ಕೆ ಒತ್ತು ಕೊಡುವ ಈ ಲೇಖನಕ್ಕೆ ಅದು ನೆರೆಯ ಉದಾಹರಣೆ ಮಾತ್ರ.

ಬಾಲಗಾಲಿಯನ್ನು ಬಿಟ್ಟು ಮೂಗಿನ ಗಾಲಿಗೆ ಹೊರಳಿದ್ದು ಸಣ್ಣ ವಿಮಾನಗಳಲ್ಲಿ ನಿಧಾನವಾಗಿ ಆಯಿತು. ಗ್ಲೆನ್ ಕರ್ಟಿಸ್ ಅವರ ಆರಂಭಕಾಲದ ವಿಮಾನಗಳಲ್ಲೇ ಮೂರುಗಾಲಿ ಜೋಡಣೆಯಿತ್ತು, ಆಮೇಲೆ ಅದು ಮರೆಗೆ ಸರಿಯಿತು. ಅಮೆರಿಕದ ಎಂಜಿನಿಯರ್ ಫ್ರೆಡ್ ವೈಕ್ 1934ರ ಡಬ್ಲ್ಯು-1 ವಿಮಾನದಲ್ಲಿ ಅದನ್ನು ಮತ್ತೆ ತಂದರು. ಅದೇ ವಿಚಾರ 1937ರಲ್ಲಿ ಹಾರಿದ ಎರ್ಕೂಪ್ ಆಯಿತು. ಬಾಲದ ಮೇಲಿನ ಚುಕ್ಕಾಣಿ ಪಟ್ಟಿಯಾದ ರಡ್ಡರನ್ನು ತಿರುಗಿಸುವ ಪೆಡಲ್‌ಗಳೇ ಇಲ್ಲದ ಈ ವಿಮಾನ ಅಡ್ಡಗಾಳಿಯಲ್ಲಿ ಮೂಗನ್ನು ಓರೆಯಾಗಿಟ್ಟುಕೊಂಡೇ ಇಳಿದು, ಗಾಲಿ ನೆಲಕ್ಕೆ ತಾಗಿದ ಕೂಡಲೇ ತಾನಾಗಿ ನೆಟ್ಟಗಾಗುತ್ತಿತ್ತು. ಯುದ್ಧದ ನಂತರ ದೊಡ್ಡ ತಯಾರಕರು ಅದೇ ಹಾದಿ ಹಿಡಿದರು. ಪೈಪರ್ ಪೇಸರ್‌ಗೆ ಮೂಗಿನ ಗಾಲಿ ಇಟ್ಟು 1951ರಲ್ಲಿ ಟ್ರೈ-ಪೇಸರ್ ಬಂತು. ಸೆಸ್ನಾ 170ರಿಂದ 172, 180ರಿಂದ 182, 140ರಿಂದ 150 ಹುಟ್ಟಿದವು. 1950ರ ದಶಕ ಮುಗಿಯುವ ಹೊತ್ತಿಗೆ ಹೊಸದಾಗಿ ಹಾರಲು ಕಲಿಯುವವರಿಗೆ ಬಾಲಗಾಲಿ ಕಡ್ಡಾಯವಾಗಿ ಉಳಿಯಲಿಲ್ಲ.

ಅಸ್ಥಿರತೆಯ ಕಾರಣ

ವಿಮಾನದ ಗುರುತ್ವ ಕೇಂದ್ರ ಮುಖ್ಯ ಗಾಲಿಗಳ ಹಿಂದೆ ಇರುವುದೇ ಮೂಲ ಕಾರಣ. ಹಿಂದೆ ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂರುವುದೇ ಇಲ್ಲ, ಮೂಗಿನ ಮೇಲೆ ಬೀಳುತ್ತದೆ. ಹೀಗಾಗಿ ಇದು ವಿನ್ಯಾಸಕಾರ ತಿದ್ದಿಬಿಡಬಹುದಾದ ತಪ್ಪಲ್ಲ.

ಓಡುತ್ತಿರುವ ವಿಮಾನದ ಮೂಗು ಯಾವುದೋ ಕಾರಣಕ್ಕೆ ಬಲಕ್ಕೆ ತುಸು ತಿರುಗಿತು ಎಂದಿಟ್ಟುಕೊಳ್ಳಬಹುದು. ತೂಕವೆಲ್ಲ ಜಡತ್ವದಿಂದ ಹಳೆಯ ದಿಕ್ಕಿಗೇ ಸಾಗುತ್ತಿರುತ್ತದೆ, ಗಾಲಿಗಳು ಮಾತ್ರ ಹೊಸ ದಿಕ್ಕಿಗೆ ಮುಖ ಮಾಡಿರುತ್ತವೆ. ಟೈರುಗಳು ಎಡಕ್ಕೆ ಉಜ್ಜಿಕೊಳ್ಳುವುದರಿಂದ ನೆಲ ಅವುಗಳನ್ನು ಬಲಕ್ಕೆ ತಳ್ಳುತ್ತದೆ. ಈ ತಳ್ಳು ಬೀಳುವುದು ಗುರುತ್ವ ಕೇಂದ್ರಕ್ಕಿಂತ ಮುಂದೆ. ಆದ್ದರಿಂದ ಮೂಗು ಇನ್ನಷ್ಟು ಬಲಕ್ಕೆ ತಿರುಗುತ್ತದೆ. ಕೋನ ಹೆಚ್ಚಿದಷ್ಟೂ ತಳ್ಳು ಹೆಚ್ಚು, ತಳ್ಳು ಹೆಚ್ಚಿದಷ್ಟೂ ಕೋನ ಹೆಚ್ಚು: ಚಕ್ರಬಡ್ಡಿಯ ಲೆಕ್ಕ. ಮೂಗಿನ ಗಾಲಿಯ ವಿಮಾನದಲ್ಲಿ ಮುಖ್ಯ ಗಾಲಿಗಳು ಗುರುತ್ವ ಕೇಂದ್ರದ ಹಿಂದಿರುತ್ತವೆ, ಅದೇ ತಳ್ಳು ಅಲ್ಲಿ ಮೂಗನ್ನು ಮರಳಿ ನೆಟ್ಟಗೆ ಮಾಡುತ್ತದೆ.

ಟ್ರ್ಯಾಕ್ಟರಿಗೆ ಕಟ್ಟಿದ ಟ್ರೈಲರಿನ ನಡತೆ ಇದಕ್ಕೆ ಹತ್ತಿರದ ಹೋಲಿಕೆ. ಮುಂದಕ್ಕೆ ಎಳೆದಾಗ ಅದು ಹಿಂದೆ ನೆಟ್ಟಗೆ ಬರುತ್ತದೆ. ರಿವರ್ಸ್ ತೆಗೆದುಕೊಂಡಾಗ ಅದು ಒಂದು ಕಡೆಗೆ ಹೊರಳಲು ಹವಣಿಸುತ್ತದೆ, ಚಾಲಕ ಕ್ಷಣಕ್ಷಣವೂ ಸ್ಟೀರಿಂಗ್ ತಿದ್ದುತ್ತಿರಬೇಕು, ಒಂದು ಮಿತಿ ದಾಟಿದರೆ ಟ್ರೈಲರ್ ಮಡಚಿಕೊಂಡೇ ಬಿಡುತ್ತದೆ. ಹೋಲಿಕೆ ಪೂರ್ತಿ ನಿಖರವಲ್ಲ. ಅಲ್ಲಿ ತಳ್ಳುವುದು ಟ್ರ್ಯಾಕ್ಟರು, ನಿಲ್ಲಿಸಿದರೆ ತೊಂದರೆ ಮುಗಿಯಿತು. ಇಲ್ಲಿ ತಳ್ಳುವುದು ವಿಮಾನದ ಸ್ವಂತ ಸಂವೇಗ, ಅದನ್ನು ತಟ್ಟನೆ ನಿಲ್ಲಿಸಲಾಗದು.

ವಿಮಾನ ತಿರುಗತೊಡಗಿದ ಮೇಲೆ ಅದರ ದಾರಿಯೂ ಬಾಗುತ್ತದೆ, ತೂಕ ಹೊರಗಿನ ಗಾಲಿಯ ಮೇಲೆ ಬೀಳುತ್ತದೆ. ಹೊರಗಿನ ರೆಕ್ಕೆ ತಗ್ಗಿ ಒಳಗಿನ ರೆಕ್ಕೆ ಏಳುತ್ತದೆ. ವೇಗದ ಪಾತ್ರ ಇಲ್ಲಿ ದೊಡ್ಡದು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, 50 ನಾಟ್ ಬದಲು 60 ನಾಟ್ ವೇಗದಲ್ಲಿ ನೆಲ ಮುಟ್ಟಿದ ವಿಮಾನದಲ್ಲಿ ಖರ್ಚಾಗಬೇಕಾದ ಶಕ್ತಿ ಶೇಕಡ 44ರಷ್ಟು ಹೆಚ್ಚು.

ಹಾಗೆಂದು ಅಪಾಯ ವೇಗದೊಂದಿಗೆ ನೇರವಾಗಿ ಇಳಿಯುವುದಿಲ್ಲ. ಓಟದ ಮೊದಲ ಭಾಗದಲ್ಲಿ ರಡ್ಡರಿನ ಮೇಲೆ ಗಾಳಿ ರಭಸವಾಗಿ ಹರಿಯುತ್ತಿರುತ್ತದೆ, ಪಾದದ ಸಣ್ಣ ಒತ್ತು ಸಾಕು. ಕೊನೆಯ ಭಾಗದಲ್ಲಿ ಬಾಲಗಾಲಿ ಮತ್ತು ಬ್ರೇಕುಗಳು ಸಾಕಾಗುತ್ತವೆ. ನಡುವೆ ಒಂದು ಅವಧಿ ಬರುತ್ತದೆ: ರಡ್ಡರ್ ಸತ್ತಂತಾಗಿರುತ್ತದೆ, ವೇಗ ಮಾತ್ರ ಇನ್ನೂ ಉಳಿದಿರುತ್ತದೆ. ಎಂಜಿನ್ ನಿಧಾನಗತಿಯಲ್ಲಿರುವುದರಿಂದ ಪ್ರೊಪೆಲ್ಲರಿನ ಗಾಳಿಯ ನೆರವೂ ಇಲ್ಲ. ‘ಇಳಿದಾಯಿತು’ ಎಂದು ಪಾದ ಸಡಿಲವಾಗುವ ಹೊತ್ತೂ ಇದೇ.

ಗುರುತ್ವ ಕೇಂದ್ರ ಗಾಲಿಗಳಿಂದ ಎಷ್ಟು ಹಿಂದೆ ಎಂಬುದು ರಾಜಿಯ ವಿಷಯ. ಅಂತರ ಕಡಿಮೆಯಾದರೆ ಬ್ರೇಕ್ ಒತ್ತಿದಾಗ ವಿಮಾನ ಮೂಗಿನ ಮೇಲೆ ಮಗುಚುತ್ತದೆ, ಹೆಚ್ಚಾದರೆ ಸುತ್ತುವ ಚಾಳಿ ಬೆಳೆಯುತ್ತದೆ. ವಿಮಾನದ ಒಡಲು ಮಟ್ಟವಾಗಿರುವಾಗ ಗುರುತ್ವ ಕೇಂದ್ರದಿಂದ ಗಾಲಿಗೆ ಎಳೆದ ಗೆರೆ ಲಂಬಕ್ಕಿಂತ ಸುಮಾರು 16ರಿಂದ 25 ಡಿಗ್ರಿ ಮುಂದಕ್ಕೆ ವಾಲಿರಬೇಕೆಂಬುದು ವಿನ್ಯಾಸದ ಸಾಮಾನ್ಯ ಅಳತೆ. ಸೆಸ್ನಾ 120 ಮತ್ತು 140ರಲ್ಲಿ ಮೂಗು ಮಗುಚುವುದನ್ನು ತಡೆಯಲು ಗಾಲಿಗಳನ್ನು ಮುಂದಕ್ಕೆ ಸರಿಸುವ ತುಂಡುಗಳನ್ನು ಜೋಡಿಸುತ್ತಿದ್ದರು, ಮುಂದೆ ಗಾಲಿಕಾಲುಗಳನ್ನೇ ಮುಂದಕ್ಕೆ ಬಾಗಿಸಿದರು. ಹಿಂದಿನ ಸೀಟು, ಸಾಮಾನಿನ ಗೂಡಿನಲ್ಲಿ ಹೆಚ್ಚು ಭಾರ ತುಂಬಿದರೂ ಅದೇ ಅಂತರ ಬೆಳೆಯುತ್ತದೆ.

ಒಡಲು ಗಿಡ್ಡವಾದಷ್ಟೂ ತಿದ್ದಲು ಸಿಗುವ ಸಮಯ ಕಡಿಮೆ. ಕಸರತ್ತಿಗೆಂದೇ ಮಾಡಿದ ಪಿಟ್ಸ್ ವಿಮಾನ ಇದಕ್ಕೆ ಮಾದರಿ, ಉದ್ದ ಬಾಲದ ಪೈಪರ್ ಕಬ್ ಅದರ ಎದುರು ತುದಿ. ಗಾಲಿಗಳ ಜೋಡಣೆಯ ಕೋನವೂ ಲೆಕ್ಕಕ್ಕೆ ಬರುತ್ತದೆ. ಎರಡು ಗಾಲಿಗಳ ಮುಂತುದಿ ಒಳಮುಖವಾಗಿದ್ದರೆ, ಭಾರ ಹೊತ್ತ ಹೊರಗಿನ ಗಾಲಿ ತಿರುವನ್ನು ಮತ್ತೂ ಬಿಗಿ ಮಾಡುತ್ತದೆ.

ಅಡ್ಡಗಾಳಿ

ಚಕ್ರಬಡ್ಡಿಗೆ ಅಸಲು ಕೊಡುವುದು ಬಹುಮಟ್ಟಿಗೆ ಗಾಳಿ. ಬಾಲದ ನಿಂತ ರೆಕ್ಕೆಯ ಮೇಲೆ ಪಕ್ಕದಿಂದ ಗಾಳಿ ಬಿದ್ದಾಗ ವಿಮಾನ ಹವಾಸೂಚಿಯ ಬಾಣದಂತೆ ಗಾಳಿಯ ಕಡೆಗೆ ಮೂಗು ತಿರುಗಿಸುತ್ತದೆ. ಟೇಲ್‌ವೀಲ್ ವಿಮಾನದ ತಿರುಗುಬಿಂದು ಮುಂದಿರುವುದರಿಂದ ಅದರ ಹಿಂದೆ ಉಳಿಯುವ ಒಡಲು ಉದ್ದ, ಗಾಳಿಗೆ ಸಿಗುವ ಸನ್ನೆಯೂ ಉದ್ದ. ಎಡದಿಂದ ಗಾಳಿ ಬೀಸಿದರೆ ಮೂಗು ಎಡಕ್ಕೆ ಹೊರಳುತ್ತದೆ, ಹೊರಗಿನ ಬಲರೆಕ್ಕೆ ತಗ್ಗುತ್ತದೆ, ಎದ್ದ ಎಡರೆಕ್ಕೆಯ ಅಡಿಗೆ ಅದೇ ಗಾಳಿ ನುಗ್ಗಿ ಇನ್ನಷ್ಟು ಎತ್ತುತ್ತದೆ.

ಗಾಳಿಯ ವೇಗಕ್ಕಿಂತ ಅದರ ಅಡ್ಡ ಅಂಶ ಮುಖ್ಯ. 10 ನಾಟ್ ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅಡ್ಡ ಅಂಶ 5 ನಾಟ್, 45 ಡಿಗ್ರಿಗೆ ಸುಮಾರು 7, ಲಂಬವಾಗಿದ್ದರೆ ಪೂರ್ತಿ 10. ಸಣ್ಣ ವಿಮಾನಗಳಿಗೆ ಅನ್ವಯಿಸುತ್ತಿದ್ದ ಅಮೆರಿಕದ ಪ್ರಮಾಣೀಕರಣ ನಿಯಮ, ಇಳಿಯುವ ರೂಪದ ಸ್ಟಾಲ್ ವೇಗದ (ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ವೇಗದ) ಐದನೇ ಒಂದು ಭಾಗದಷ್ಟು ಲಂಬ ಅಡ್ಡಗಾಳಿಯಲ್ಲಿ ವಿಮಾನ ಹತೋಟಿಯಲ್ಲಿ ಉಳಿಯಬೇಕೆಂದು ಕೇಳುತ್ತಿತ್ತು. ಕೈಪಿಡಿಯಲ್ಲಿ ಬರೆದಿರುವ ‘ತೋರಿಸಲಾದ ಅಡ್ಡಗಾಳಿ’ ಪರೀಕ್ಷೆಯಲ್ಲಿ ಸಿಕ್ಕ ಗಾಳಿಯ ಅಂಕಿ, ವಿಮಾನದ ಕಟ್ಟಕಡೆಯ ಮಿತಿಯಲ್ಲ. ಹ್ಯಾಂಗರುಗಳ, ಮರಗಳ ಸಾಲಿನ ಮರೆಯಿಂದ ಹೊರಬಂದೊಡನೆ ಎದುರಾಗುವ ಬಿರುಸುಗಾಳಿ, ಒಂದೇ ಸಮನೆ ಬೀಸುವ ಜೋರುಗಾಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಬಾಲಗಾಲಿಯ ರಚನೆ

ಬಾಲಗಾಲಿಗಳಲ್ಲಿ ಮೂರು ಬಗೆ. ಮುಕ್ತವಾಗಿ ಹೊರಳುವ ಗಾಲಿ ದಿಕ್ಕು ಕಾಯುವುದಿಲ್ಲ, ಅದರ ಕೆಲಸವನ್ನು ರಡ್ಡರ್ ಮತ್ತು ಎಡಬಲ ಬ್ರೇಕುಗಳೇ ಮಾಡಬೇಕು. ಬೀಗ ಹಾಕುವ ಗಾಲಿಯನ್ನು ಇಳಿಯುವ ಮೊದಲು ನೇರ ದಿಕ್ಕಿಗೆ ಬಿಗಿಯುತ್ತಾರೆ. ಡಿಸಿ-3ರಂಥ ದೊಡ್ಡ ವಿಮಾನಗಳಲ್ಲಿ ಇದು ಸಾಮಾನ್ಯ. ಪಿ-51 ಯುದ್ಧವಿಮಾನದಲ್ಲಿ ಹತೋಟಿ ಕೋಲಾದ ಸ್ಟಿಕ್ಕನ್ನು ಹಿಂದಕ್ಕೆಳೆದರೆ ಬಾಲಗಾಲಿ ರಡ್ಡರಿನೊಂದಿಗೆ ಬೆಸೆದುಕೊಳ್ಳುತ್ತದೆ, ಮುಂದಕ್ಕೆ ಒತ್ತಿದರೆ ಬಿಡುತ್ತದೆ. ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವುದು ಮೂರನೆಯ ಬಗೆ: ರಡ್ಡರಿನಿಂದ ಬಂದ ಸರಪಳಿ ಮತ್ತು ಸ್ಪ್ರಿಂಗುಗಳು ಗಾಲಿಯನ್ನು ತಿರುಗಿಸುತ್ತವೆ, ನಿಗದಿತ ಕೋನ ದಾಟಿದರೆ ಗಾಲಿ ಕೊಂಡಿ ಕಳಚಿಕೊಂಡು ಸುತ್ತಲೂ ಹೊರಳುತ್ತದೆ. ಇಕ್ಕಟ್ಟಿನಲ್ಲಿ ವಿಮಾನ ತಿರುಗಿಸಲು ಈ ಕಳಚುವಿಕೆ ಅನುಕೂಲ. ಸ್ವಿಂಗಿನ ನಡುವೆ ಕಳಚಿಕೊಂಡರೆ ಉಳಿದ ಅಲ್ಪಸ್ವಲ್ಪ ಹಿಡಿತವೂ ಹೋಗುತ್ತದೆ.

ಸವೆದ ಕೊಂಡಿ, ಸಡಿಲವಾದ ಸ್ಪ್ರಿಂಗು, ಗಾಲಿ ಗಡಗಡ ನಡುಗುವ ಶಿಮ್ಮಿ, ಎರಡು ಟೈರುಗಳ ಗಾಳಿಯಲ್ಲಿ ಏರುಪೇರು, ಒಂದೇ ಕಡೆ ಅಂಟಿಕೊಂಡ ಬ್ರೇಕು ಇವು ಯಾಂತ್ರಿಕ ಕಾರಣಗಳು.

ಇಳಿಯುವ ವಿಧಾನಗಳು

ತ್ರೀ-ಪಾಯಿಂಟ್ ಲ್ಯಾಂಡಿಂಗ್‌ನಲ್ಲಿ ಮೂರೂ ಗಾಲಿಗಳು ಒಟ್ಟಿಗೆ ನೆಲ ಮುಟ್ಟುತ್ತವೆ. ವಿಮಾನವನ್ನು ನೆಲದಿಂದ ಅಡಿಯೆರಡಡಿ ಮೇಲೆ ಹಿಡಿದು, ಸ್ಟಿಕ್ಕನ್ನು ಹಿಂದಕ್ಕೆಳೆಯುತ್ತ ಹೋದರೆ, ರೆಕ್ಕೆ ಹಾರಲಾರದ ವೇಗ ಬಂದಾಗ ಅದು ತಾನೇ ಕೂರುತ್ತದೆ. ವೇಗ ಕನಿಷ್ಠ, ಬಾಲಗಾಲಿ ಮೊದಲ ಕ್ಷಣದಿಂದಲೇ ಕೆಲಸಕ್ಕೆ ಸಿಗುತ್ತದೆ. ಆದರೆ ಎತ್ತಿದ ಮೂಗು ಎದುರಿನ ರನ್‌ವೇಯನ್ನು ಮರೆಮಾಡುತ್ತದೆ. ಪೈಲಟ್ ಎರಡೂ ಅಂಚುಗಳನ್ನು ಓರೆನೋಟದಲ್ಲಿ ಹಿಡಿದುಕೊಂಡು ದಿಕ್ಕು ಅಳೆಯಬೇಕು.

ವೀಲ್ ಲ್ಯಾಂಡಿಂಗ್‌ನಲ್ಲಿ ಮುಖ್ಯ ಗಾಲಿಗಳು ಮೊದಲು ಮುಟ್ಟುತ್ತವೆ. ಮುಟ್ಟಿದೊಡನೆ ಸ್ಟಿಕ್ಕನ್ನು ತುಸು ಮುಂದೊತ್ತಿ ರೆಕ್ಕೆಯ ಎತ್ತುಬಲವನ್ನು ಕಳೆಯುತ್ತಾರೆ. ನೋಟ ಸ್ಪಷ್ಟ, ರಡ್ಡರಿನ ಮೇಲೆ ಗಾಳಿ ಚೆನ್ನಾಗಿ ಹರಿಯುತ್ತದೆ. ಬಾಲ ಮೇಲಿಂದ ಕೆಳಗಿಳಿಯುವ ಘಳಿಗೆಯೇ ಇಲ್ಲಿನ ಕಷ್ಟ; ಆಗ ರಡ್ಡರ್ ಸೊರಗುತ್ತಿರುತ್ತದೆ, ಬಾಲಗಾಲಿ ಇನ್ನೂ ನೆಲಕ್ಕೆ ಬಂದಿರುವುದಿಲ್ಲ, ತಿರುಗುವ ಪ್ರೊಪೆಲ್ಲರಿನ ಗೈರೊ ಗುಣ ಮೂಗನ್ನು ಪಕ್ಕಕ್ಕೆ ಒತ್ತುತ್ತದೆ. ಪ್ರೊಪೆಲ್ಲರ್ ಪೈಲಟ್‌ನ ಕಣ್ಣಿಗೆ ಬಲಸುತ್ತಾಗಿ ತಿರುಗುತ್ತಿದ್ದರೆ ಒತ್ತು ಬಲಕ್ಕೆ. ಟೈಗರ್ ಮಾತ್, ಚಿಪ್‌ಮಂಕ್‌ಗಳ ಜಿಪ್ಸಿ ಮೇಜರ್ ಎಂಜಿನ್ ಎಡಸುತ್ತಿನದು, ಅಲ್ಲಿ ಎಲ್ಲವೂ ತಿರುವುಮುರುವು. ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂಬ ವಾದ ಪೈಲಟ್‌ಗಳ ನಡುವೆ ಹಳೆಯದು. ಉತ್ತರ ವಿಮಾನದ ಮಾದರಿಯನ್ನೂ ಅಂದಿನ ಗಾಳಿಯನ್ನೂ ಅವಲಂಬಿಸಿದೆ.

ಅಡ್ಡಗಾಳಿಯಲ್ಲಿ ಎರಡೂ ವಿಧಾನಗಳಿಗೆ ಒಂದೇ ನಿಯಮ: ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ರಡ್ಡರಿನಿಂದ ಮೂಗನ್ನು ರನ್‌ವೇಗೆ ನೇರ ಹಿಡಿದು, ಗಾಳಿಯ ಕಡೆಯ ಗಾಲಿಯನ್ನು ಮೊದಲು ಇಳಿಸಬೇಕು. ಪಕ್ಕಕ್ಕೆ ತೇಲುತ್ತಲೋ ಮೂಗು ಓರೆಯಾಗಿಯೋ ನೆಲ ಮುಟ್ಟಿದರೆ ಆ ಕ್ಷಣವೇ ಸ್ವಿಂಗಿಗೆ ಅಸಲು ಸಿಕ್ಕಂತೆ.

ಹತೋಟಿ ತಪ್ಪುವ ಬಗೆಗಳು

ಗ್ರೌಂಡ್ ಲೂಪಿನ ಹೊರತಾಗಿ ಹೆಚ್ಚಾಗಿ ನಡೆಯುವುದು ಪುಟಿತ. ಇದಕ್ಕೂ ಗುರುತ್ವ ಕೇಂದ್ರದ ಸ್ಥಾನವೇ ಕಾರಣ. ಮುಖ್ಯ ಗಾಲಿಗಳು ರಭಸವಾಗಿ ನೆಲಕ್ಕೆ ಬಡಿದಾಗ ಅವುಗಳ ಹಿಂದಿರುವ ತೂಕ ಕೆಳಮುಖವಾಗಿ ಸಾಗುತ್ತಲೇ ಇರುತ್ತದೆ, ಬಾಲ ತಗ್ಗುತ್ತದೆ, ರೆಕ್ಕೆ ಗಾಳಿಗೆ ಹೆಚ್ಚು ಕೋನದಲ್ಲಿ ಎದುರಾಗಿ ವಿಮಾನವನ್ನು ಮತ್ತೆ ಮೇಲೆತ್ತುತ್ತದೆ. ಮೂಗಿನ ಗಾಲಿಯ ವಿಮಾನದಲ್ಲಿ ಅದೇ ಬಡಿತ ಮೂಗನ್ನು ತಗ್ಗಿಸಿ ಎತ್ತುಬಲ ಕಳೆಯುತ್ತದೆ. ಪುಟಿದ ವಿಮಾನವನ್ನು ಸ್ಟಿಕ್ಕಿನಿಂದ ಕೆಳಗೊತ್ತಲು ಹೋದರೆ ಮುಂದಿನ ಪುಟಿತ ಇನ್ನೂ ಎತ್ತರ, ಪೈಲಟ್‌ನ ಪ್ರತಿ ತಿದ್ದುಪಡಿಯೂ ಅರೆಕ್ಷಣ ತಡವಾಗಿ ಬೀಳುತ್ತದೆ. ಕೊನೆಗೆ ವೇಗವಿಲ್ಲದೆ ಮೇಲಿಂದ ಧೊಪ್ಪನೆ ಬಿದ್ದು, ಒಂದು ಗಾಲಿಯ ಮೇಲೆ ನಿಂತು, ಅಲ್ಲಿಂದ ಗ್ರೌಂಡ್ ಲೂಪ್ ಶುರುವಾಗಬಹುದು.

ಮೂಗು ಮಗುಚುವುದು ಬ್ರೇಕಿನ ದುರ್ಬಳಕೆಯ ಫಲ. ಬಾಲ ಮೇಲಿರುವಾಗ ಬ್ರೇಕ್ ಬಲವಾಗಿ ಒತ್ತಿದರೆ ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತದೆ. ಕೆಸರು, ಎತ್ತರದ ಹುಲ್ಲಿಗೆ ಗಾಲಿ ಸಿಕ್ಕರೆ ವಿಮಾನ ಪೂರ್ತಿ ಬೆನ್ನ ಮೇಲೆ ಮಲಗುವುದೂ ಉಂಟು. ರನ್‌ವೇಯಿಂದ ಪಕ್ಕಕ್ಕೆ ಹೋಗುವುದು ಸ್ವಿಂಗಿನ ಸೌಮ್ಯ ಅಂತ್ಯ. ಅಲ್ಲಿ ಚರಂಡಿಯೋ ದೀಪಸ್ತಂಭವೋ ಇಲ್ಲದಿದ್ದರೆ ಏನೂ ಆಗದಿರಬಹುದು. ಮೂಗಿನ ಗಾಲಿಯ ವಿಮಾನವೂ ಹೆಚ್ಚು ವೇಗದಲ್ಲಿ ಮುಂಗಾಲಿನ ಮೇಲೆಯೇ ಭಾರ ಹಾಕಿ ಇಳಿದರೆ, ತಿರುಗುಬಿಂದು ಮುಂದಕ್ಕೆ ಸರಿದು ಇದೇ ರೀತಿ ಸುತ್ತುತ್ತದೆ. ಅದನ್ನು ವೀಲ್‌ಬ್ಯಾರೋಯಿಂಗ್ ಎನ್ನುತ್ತಾರೆ, ತಳ್ಳುಗಾಡಿಯ ನಡಿಗೆ ಎಂಬರ್ಥದಲ್ಲಿ. ಗ್ಲೈಡರುಗಳಲ್ಲಿ ಬೆಳೆಗೋ ಎತ್ತರದ ಹುಲ್ಲಿಗೋ ರೆಕ್ಕೆತುದಿ ಸಿಕ್ಕಿ ಗ್ರೌಂಡ್ ಲೂಪ್ ಆಗುತ್ತದೆ.

ಹಾನಿ

ಸಣ್ಣ ವಿಮಾನದ ಗ್ರೌಂಡ್ ಲೂಪಿನಲ್ಲಿ ಪ್ರಾಣಹಾನಿ ವಿರಳ. ನಷ್ಟವಾಗುವುದು ವಿಮಾನಕ್ಕೆ. ಹೊರಗಿನ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ. ಪಕ್ಕದ ಎಳೆತಕ್ಕೆಂದು ಮಾಡದ ಹೊರಗಿನ ಗಾಲಿಕಾಲು ಒಳಕ್ಕೆ ಮಡಚಿಕೊಳ್ಳಬಹುದು. ಕಾಲು ಮಡಚಿದರೆ ಪ್ರೊಪೆಲ್ಲರ್ ನೆಲಕ್ಕೆ ಬಡಿದು ಬಾಗುತ್ತದೆ, ತಟ್ಟನೆ ನಿಂತ ಎಂಜಿನನ್ನು ಬಿಚ್ಚಿ ಒಳಭಾಗ ಪರಿಶೀಲಿಸಬೇಕಾಗುತ್ತದೆ. ನಷ್ಟದ ದೊಡ್ಡ ಪಾಲು ಹಲವು ಬಾರಿ ಈ ಕೊನೆಯ ಬಾಬ್ತೇ. ಹೊರಗೆ ಗೀರು ಮಾತ್ರ ಕಂಡರೂ ರೆಕ್ಕೆಯ ಒಳಗಿನ ತೊಲೆ, ಕಾಲು ಕೂರುವ ಕಟ್ಟು ಬಿರುಕು ಬಿಟ್ಟಿರಬಹುದು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿಯ ನಿಯಮದಲ್ಲಿ ಗಾಲಿಕಾಲು, ಟೈರು, ರೆಕ್ಕೆತುದಿ, ನೆಲಕ್ಕೆ ಬಡಿದ ಪ್ರೊಪೆಲ್ಲರ್ ಇವುಗಳ ಹಾನಿ ‘ಗಣನೀಯ ಹಾನಿ’ಯ ವ್ಯಾಖ್ಯೆಗೆ ಬರುವುದಿಲ್ಲ. ಆದ್ದರಿಂದ ಬರೀ ಇಷ್ಟಕ್ಕೇ ನಿಂತ ಗ್ರೌಂಡ್ ಲೂಪ್ ಅಪಘಾತವೆಂದು ದಾಖಲಾಗದೆ ಹೋಗಬಹುದು, ಅಧಿಕೃತ ಪಟ್ಟಿಗಳಲ್ಲಿ ಕಾಣುವುದು ನಡೆದದ್ದರ ಒಂದು ಭಾಗ ಮಾತ್ರ.

ತಡೆ ಮತ್ತು ತಿದ್ದುಪಡಿ

ತಡೆಯುವ ಕೆಲಸ ಪಾದಗಳದು. ಮೂಗು ಕದಲಿದ್ದು ಕಣ್ಣಿಗೆ ಬೀಳುವ ಮುಂಚೆಯೇ ಪೆಡಲ್ ಒತ್ತಿ, ಮೂಗು ಮರಳತೊಡಗಿದ ಕೂಡಲೇ ಒತ್ತು ತೆಗೆದು, ಅಗತ್ಯವಿದ್ದರೆ ಎದುರು ಪೆಡಲಿನಿಂದ ತಡೆಯಬೇಕು. ಒತ್ತು ಸಣ್ಣದಾಗಿರಬೇಕು, ಬೇಗ ಬರಬೇಕು. ತಡವಾಗಿ ದೊಡ್ಡದಾಗಿ ಒತ್ತುವ ಪಾದ ಒಂದು ಕಡೆಯ ಸ್ವಿಂಗನ್ನು ಇನ್ನೊಂದು ಕಡೆಗೆ ತಿರುಗಿಸುತ್ತದೆ ಅಷ್ಟೆ. ಎರಡನೆಯ ಸ್ವಿಂಗ್ ಮೊದಲನೆಯದಕ್ಕಿಂತ ದೊಡ್ಡದಾಗಿರುವುದೇ ಹೆಚ್ಚು.

ಕೈಗೂ ಕೆಲಸವಿದೆ. ಬಾಲ ನೆಲಕ್ಕೆ ಬಂದ ಮೇಲೆ ಸ್ಟಿಕ್ ಪೂರ್ತಿ ಹಿಂದೆ ಇದ್ದರೆ ಬಾಲಗಾಲಿ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಅಡ್ಡಗಾಳಿಯಿದ್ದರೆ ವೇಗ ಕುಗ್ಗಿದಂತೆ ಸ್ಟಿಕ್ಕನ್ನು ಗಾಳಿಯ ಕಡೆಗೆ ಹೆಚ್ಚುಹೆಚ್ಚು ವಾಲಿಸಬೇಕು. ಇದರಿಂದ ಗಾಳಿಯ ಕಡೆಯ ರೆಕ್ಕೆ ಏಳದೆ ಉಳಿಯುತ್ತದೆ. ಜೊತೆಗೆ ಎದುರು ರೆಕ್ಕೆಯ ಹಿಂದಂಚಿನಲ್ಲಿ ತಗ್ಗಿದ ಐಲರಾನ್ ಪಟ್ಟಿ ಹೆಚ್ಚು ಎಳೆತ ಕೊಟ್ಟು, ಮೂಗನ್ನು ಗಾಳಿಯಿಂದ ಆಚೆಗೆ ಎಳೆದು ರಡ್ಡರಿಗೆ ನೆರವಾಗುತ್ತದೆ. ಆಕಾಶದಲ್ಲಿ ತೊಡಕೆನಿಸುವ ಈ ಗುಣ ನೆಲದ ಮೇಲೆ ಉಪಕಾರಿ.

ಸ್ವಿಂಗ್ ಬಲಿಯತೊಡಗಿದರೆ ಉಳಿಯುವ ಉಪಾಯಗಳು ಕಡಿಮೆ: ಎದುರು ಪೆಡಲ್ ಪೂರ್ತಿ, ಆ ಕಡೆಯ ಬ್ರೇಕಿಗೆ ಚುಟುಕು ಒತ್ತು, ರಡ್ಡರಿನ ಮೇಲೆ ಗಾಳಿ ಹರಿಸಲು ಥ್ರಾಟಲ್‌ನ ಒಂದು ಸಣ್ಣ ಸಿಡಿತ. ವೇಗವಿದ್ದು, ಮುಂದೆ ಜಾಗವಿದ್ದು, ಮೂಗು ಇನ್ನೂ ಸುಮಾರಾಗಿ ನೇರವಿದ್ದರೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಹಾರುವುದು ಒಳ್ಳೆಯ ದಾರಿ. ಪುಟಿತ ದೊಡ್ಡದಾದಾಗಲೂ ಇದೇ. ತಿರುಗುವಿಕೆ ಮಿತಿ ದಾಟಿದ ಮೇಲೆ ಶಕ್ತಿ ಕೊಟ್ಟರೆ ವಿಮಾನ ಹೊಸ ದಿಕ್ಕಿನಲ್ಲಿ, ಹ್ಯಾಂಗರಿನ ಕಡೆಗೋ ಮರಗಳ ಕಡೆಗೋ ನುಗ್ಗುತ್ತದೆ.

ಉದ್ದೇಶಪೂರ್ವಕ ಬಳಕೆ

ಗ್ರೌಂಡ್ ಲೂಪನ್ನು ಬೇಕೆಂದೇ ಮಾಡುವ ಸಂದರ್ಭವೂ ಇದೆ. ಇಳಿದ ವಿಮಾನ ನಿಲ್ಲುವಷ್ಟು ಜಾಗ ಉಳಿದಿಲ್ಲ, ಎದುರಿಗೆ ಗೋಡೆಯೋ ಕಂದಕವೋ ಇದೆ ಎಂದಾಗ, ಒಂದು ಕಡೆಯ ರಡ್ಡರ್ ಮತ್ತು ಬ್ರೇಕ್ ಒತ್ತಿ ವಿಮಾನವನ್ನು ಸುತ್ತಿಸಿ ನಿಲ್ಲಿಸುತ್ತಾರೆ. ಕಾಲು ಮುರಿದರೂ ಎದುರುಬದುರು ಡಿಕ್ಕಿ ತಪ್ಪುತ್ತದೆ. ಹೊಲಗಳಲ್ಲಿ ಇಳಿಯಬೇಕಾಗುವ ಗ್ಲೈಡರ್ ಪೈಲಟ್‌ಗಳು ಇದನ್ನು ಕೊನೆಯ ಉಪಾಯವಾಗಿ ಇಂದಿಗೂ ಅರಿಯದಿರುವುದಿಲ್ಲ.

ತರಬೇತಿ ಮತ್ತು ನಿಯಮ

ಅಮೆರಿಕದಲ್ಲಿ ಟೇಲ್‌ವೀಲ್ ವಿಮಾನದ ಮುಖ್ಯ ಪೈಲಟ್ ಆಗಲು ಪ್ರತ್ಯೇಕ ತರಬೇತಿ ಪಡೆದು, ಲಾಗ್‌ಬುಕ್ಕಿನಲ್ಲಿ ಬೋಧಕರ ಒಪ್ಪಿಗೆ ಬರೆಸಿಕೊಂಡಿರಬೇಕು. ಸಾಮಾನ್ಯ ಸ್ಥಿತಿಯಲ್ಲೂ ಅಡ್ಡಗಾಳಿಯಲ್ಲೂ ಏರಿ ಇಳಿಯುವುದು, ವೀಲ್ ಲ್ಯಾಂಡಿಂಗ್, ಇಳಿಯದೆ ಮತ್ತೆ ಮೇಲೇರುವ ಗೋ-ಅರೌಂಡ್ ಇವು ಅದರ ಪಾಠಗಳು. 1991ರ ಏಪ್ರಿಲ್ 15ಕ್ಕೆ ಮೊದಲೇ ಇಂಥ ವಿಮಾನವನ್ನು ಮುಖ್ಯ ಪೈಲಟ್ ಆಗಿ ಹಾರಿಸಿದವರಿಗೆ ವಿನಾಯಿತಿ ಇದೆ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿದಿರಬೇಕು. ಟೇಲ್‌ವೀಲ್ ವಿಮಾನಕ್ಕೆ ಆ ಇಳಿತಗಳು ಪೂರ್ತಿ ನಿಲ್ಲುವವರೆಗೂ ನಡೆದಿರಬೇಕು ಎಂಬ ಹೆಚ್ಚಿನ ಷರತ್ತಿದೆ. ಗಾಲಿ ತಾಗಿಸಿ ಮತ್ತೆ ಹಾರಿಬಿಟ್ಟರೆ, ಕಷ್ಟದ ನಡುವಿನ ವೇಗದ ಅವಧಿ ಅಭ್ಯಾಸಕ್ಕೇ ಸಿಗುವುದಿಲ್ಲ. ಯುರೋಪಿನಲ್ಲಿ ಇದನ್ನು ‘ವ್ಯತ್ಯಾಸ ತರಬೇತಿ’ ಎಂಬ ಹೆಸರಿನಲ್ಲಿ ಕೊಡುತ್ತಾರೆ.

ಭಾರತದಲ್ಲಿ

ಭಾರತದ ಟೇಲ್‌ವೀಲ್ ವಿಮಾನಗಳ ಕಥೆಯ ದೊಡ್ಡ ಭಾಗ ಬೆಂಗಳೂರಿನದು. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪನೆಯಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಮುಂದಿನ ಎಚ್‌ಎಎಲ್, ಮರುವರ್ಷವೇ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಬಾಲಗಾಲಿಯದು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಅಲ್ಲೇ ವಿನ್ಯಾಸಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ಕೂಡ ಟೇಲ್‌ವೀಲ್ ವಿಮಾನ. ಒಬ್ಬರ ಹಿಂದೆ ಒಬ್ಬರು ಕೂರುವ, ರೆಕ್ಕೆ ಕೆಳಗಿರುವ, 155 ಅಶ್ವಶಕ್ತಿಯ ಈ ವಿಮಾನದಲ್ಲಿ ವಾಯುಪಡೆಯ ಹಲವು ತಂಡಗಳು ಹಾರುವುದನ್ನು ಕಲಿತವು. ಅದರ ಜಾಗಕ್ಕೆ ಬಂದ, 1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32 ದೀಪಕ್‌ಗೆ ಮೂಗಿನ ಗಾಲಿ ಇತ್ತು.

ನಾಗರಿಕ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅದೇ ಪಾತ್ರ ವಹಿಸಿದ್ದು 1958ರಲ್ಲಿ ಹಾರಿದ ಪುಷ್ಪಕ್. ಇಬ್ಬರು ಅಕ್ಕಪಕ್ಕ ಕೂರುವ, ರೆಕ್ಕೆ ಮೇಲಿರುವ, 90 ಅಶ್ವಶಕ್ತಿಯ ಹಗುರ ವಿಮಾನವದು. ಆ ತಲೆಮಾರಿನ ಪೈಲಟ್‌ಗಳಿಗೆ ಬಾಲಗಾಲಿ ವಿಶೇಷ ಅರ್ಹತೆಯಾಗಿರಲಿಲ್ಲ, ಮೊದಲ ಪಾಠವೇ ಅದಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ, 1993ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ, ಮೂಗಿನ ಗಾಲಿಯದು. ಬಾಲಗಾಲಿಯ ನಂಟು ವಾಯುಪಡೆಯಲ್ಲಿ ಉಳಿದಿರುವುದು ಹಳೆಯ ವಿಮಾನಗಳ ವಿಂಟೇಜ್ ತಂಡದಲ್ಲಿ. ಟೈಗರ್ ಮಾತ್, ಹಾರ್ವರ್ಡ್‌ಗಳ ಜೊತೆಗೆ 2018ರಲ್ಲಿ ‘ಪರಶುರಾಮ’ ಎಂಬ ಹೆಸರಿನ ಡಕೋಟ ಅದಕ್ಕೆ ಸೇರಿತು.

ಈಗಿನ ಸ್ಥಿತಿ

ಬಾಲಗಾಲಿ ಹಳತಾಯಿತಾದರೂ ಅಳಿದಿಲ್ಲ. ಮೂಗಿನ ಗಾಲಿಯ ತೂಕವೂ ಅದರ ಗಾಳಿತಡೆಯೂ ಇಲ್ಲದಿರುವುದು, ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿರುವುದು, ಕಲ್ಲುಮಣ್ಣಿನ ನೆಲದಲ್ಲಿ ಮುರಿಯುವಂಥ ಮುಂಗಾಲು ಇಲ್ಲದಿರುವುದು ಅದರ ಅನುಕೂಲಗಳು. ಅಲಾಸ್ಕದ ನದಿಮರಳಿನ ಮೇಲೆ ದಪ್ಪ ಟೈರುಗಳ ಪೈಪರ್ ಸೂಪರ್ ಕಬ್, ಕಸರತ್ತಿಗೆ ಪಿಟ್ಸ್ ಮತ್ತು ಡೆಕಾಥ್ಲಾನ್, ಬೆಳೆಗೆ ಔಷಧ ಸಿಂಪಡಿಸಲು ಏರ್ ಟ್ರ್ಯಾಕ್ಟರ್ ಇಂದಿಗೂ ಬಾಲದ ಮೇಲೆ ಕೂರುತ್ತವೆ.

ಆಯ್ಕೆಯನ್ನು ಕೊಳ್ಳುವವರಿಗೇ ಬಿಡುವ ರೂಢಿಯೂ ಬಂದಿದೆ. ಬಿಡಿಭಾಗ ತಂದು ಮನೆಯಲ್ಲೇ ಕಟ್ಟಿಕೊಳ್ಳುವ ವ್ಯಾನ್ಸ್ ಕಂಪನಿಯ ಆರ್‌ವಿ-7, ಆರ್‌ವಿ-8, ಆರ್‌ವಿ-9, ಆರ್‌ವಿ-14 ವಿಮಾನಗಳು ಎರಡೂ ರೂಪದಲ್ಲಿ ಸಿಗುತ್ತವೆ. ಹೆಸರಿನ ಕೊನೆಗೆ ‘ಎ’ ಇದ್ದರೆ ಮೂಗಿನ ಗಾಲಿ. ಕಬ್‌ನ ವಂಶಕ್ಕೆ ಸೇರಿದ ಎಕ್ಸ್‌ಕಬ್‌ಗೂ ಅದರ ತಯಾರಕರಾದ ಕಬ್‌ಕ್ರಾಫ್ಟರ್ಸ್ ಮೂಗಿನ ಗಾಲಿಯ ರೂಪವೊಂದನ್ನು ಹೊರತಂದಿದ್ದಾರೆ, ಅದರ ಹೆಸರು ಎನ್‌ಎಕ್ಸ್‌ಕಬ್.